ಮೂರು ಹಳೆಯ ಭಾಗ, ಒಂದು ಕ್ಲೇಮ್: ಟಾಗಲ್ ಕ್ಲ್ಯಾಂಪ್ ಪೇಟೆಂಟ್ ಅರ್ಜಿಯೊಂದರ ಪ್ರಕರಣ ಅಧ್ಯಯನ

ಈ ಪ್ರಕರಣ ಭಾರತೀಯ ಪೇಟೆಂಟ್ ಕಚೇರಿಯ ಮುಂದೆ ನಡೆದದ್ದು. ಅರ್ಜಿದಾರರ ಗುರುತು ಸಿಗಬಾರದೆಂದು ಅಳತೆಗಳನ್ನು ಸ್ವಲ್ಪ ಬದಲಿಸಿದೆ. ಭಾಗಗಳ ನಡುವಿನ ಸಂಬಂಧ ಮತ್ತು ವಾದ ಸಾಗಿದ ದಾರಿ ಮಾತ್ರ ಇದ್ದಂತೆಯೇ ಇವೆ. ಅರ್ಜಿದಾರರನ್ನು ‘ಸಂಸ್ಥೆ’ ಎಂದೂ, ಪರೀಕ್ಷಕರು ಎದುರಿಟ್ಟ ಮೂರು ಹಳೆಯ ದಾಖಲೆಗಳನ್ನು ಡಿ1, ಡಿ2, ಡಿ3 ಎಂದೂ ಕರೆಯಲಾಗಿದೆ.

ಹಿನ್ನೆಲೆ

ಸಂಸ್ಥೆ ಮಿಲ್ಲಿಂಗ್ ಯಂತ್ರಗಳಿಗೆ (ತಿರುಗುವ ಕಟರ್‌ನಿಂದ ಲೋಹ ಕೆತ್ತುವ ಯಂತ್ರ) ಫಿಕ್ಸ್ಚರ್, ಅಂದರೆ ಕೆತ್ತುವಾಗ ಜಾಬ್ ಎಂಬ ಕೆಲಸದ ತುಂಡನ್ನು ಹಿಡಿದಿಡುವ ಸಾಧನ, ಮಾಡಿಕೊಡುತ್ತದೆ. ಎರಕದ ಜಾಬ್‌ಗಳನ್ನು ಟಾಗಲ್ ಕ್ಲ್ಯಾಂಪ್‌ನಲ್ಲಿ, ಅಂದರೆ ಹಿಡಿಕೆ ತಿರುಗಿಸಿದಾಗ ಎರಡು ಲಿಂಕ್‌ಗಳ ಮೂಲಕ ಒಂದು ತೋಳು ಜಾಬನ್ನು ಒತ್ತಿ ಹಿಡಿಯುವ ಸಾಧನದಲ್ಲಿ, ಹಿಡಿಯುವಾಗ ಹಳೆಯ ತೊಂದರೆಯೊಂದಿದೆ. ಒಂದು ಎರಕಕ್ಕೂ ಇನ್ನೊಂದಕ್ಕೂ ದಪ್ಪದಲ್ಲಿ 1 ಮಿ.ಮೀ.ವರೆಗೆ ವ್ಯತ್ಯಾಸ ಬರುತ್ತದೆ. ತೋಳಿನ ತುದಿಯಲ್ಲಿ ಜಾಬನ್ನು ಒತ್ತುವ ದಿಂಡು ಸ್ಪಿಂಡಲ್. ಅದನ್ನು ದಪ್ಪ ಜಾಬ್‌ಗೆ ಹೊಂದಿಸಿದರೆ ತೆಳು ಜಾಬ್ ಸಡಿಲವಾಗುತ್ತದೆ. ತೆಳು ಜಾಬ್‌ಗೆ ಹೊಂದಿಸಿದರೆ ದಪ್ಪದ್ದರ ಮೇಲೆ ಹಿಡಿಕೆ ಡೆಡ್ ಸೆಂಟರ್ ದಾಟುವುದೇ ಇಲ್ಲ.

ಟಾಗಲ್ ಕ್ಲ್ಯಾಂಪ್ ಕೆಲಸ ಮಾಡುವ ಬಗೆಯನ್ನು ಇಲ್ಲಿ ನೆನಪಿಸಿಕೊಳ್ಳಬೇಕು, ಏಕೆಂದರೆ ಪ್ರಕರಣ ಕೊನೆಗೆ ತಿರುಗಿದ್ದು ಅದರ ಮೇಲೆಯೇ. ಎರಡು ಲಿಂಕ್‌ಗಳು ಒಂದೇ ಗೆರೆಗೆ ಬಂದಾಗ ಡೆಡ್ ಸೆಂಟರ್. ಒತ್ತಡ ಅತಿ ಹೆಚ್ಚಾಗಿರುವುದು ಅಲ್ಲಿ. ಅದನ್ನು ತುಸು ದಾಟಿ ಲಿಂಕ್ ಸ್ಟಾಪ್ ಪಿನ್‌ಗೆ ತಾಗಿ ನಿಂತರೆ ಕ್ಲ್ಯಾಂಪ್ ತಾನಾಗಿ ಬಿಚ್ಚಿಕೊಳ್ಳುವುದಿಲ್ಲ. ಜಾಬ್ ಮೇಲಕ್ಕೆ ತಳ್ಳಿದಷ್ಟೂ ಲಿಂಕ್ ಪಿನ್ನಿಗೆ ಒತ್ತಿಕೊಳ್ಳುತ್ತದೆ. ಹಾಗಾಗಿ ಟಾಗಲ್ ಒತ್ತುವ ಬಲಕ್ಕಿಂತ ಅದು ತಡೆದು ಹಿಡಿಯಬಲ್ಲ ಬಲ ಬಹಳ ಹೆಚ್ಚು. ಕ್ಯಾಟಲಾಗ್‌ಗಳು ಈ ಎರಡನ್ನು ಬೇರೆಬೇರೆಯಾಗಿಯೇ ಕೊಡುತ್ತವೆ.

ಸಂಸ್ಥೆ ಮಾಡಿದ್ದು ಇಷ್ಟು. ಸ್ಪಿಂಡಲ್ ತೋಳಿನೊಳಗೆ ಜಾರುವಂತೆ ಮಾಡಿ, ಅದರ ಹಿಂದೆ ಆರು ಡಿಸ್ಕ್ ಸ್ಪ್ರಿಂಗ್‌ಗಳನ್ನು (ಬಟ್ಟಲಿನಂತೆ ತುಸು ಉಬ್ಬಿದ, ನಡುವೆ ತೂತಿರುವ ಬಿಲ್ಲೆಗಳು) ಎದುರುಬದುರಾಗಿ ಜೋಡಿಸಿತು. ಪ್ರತಿ ಡಿಸ್ಕಿನ ದಪ್ಪ 1 ಮಿ.ಮೀ., ಬಟ್ಟಲಿನ ಎತ್ತರ 1.3 ಮಿ.ಮೀ. ಸ್ಪಿಂಡಲಿನ ಸುತ್ತ ಒಂದು ಸೀಳು ಬೆಣೆ ಇದೆ. ಅದು ಬಿದ್ದಾಗ ಸ್ಪಿಂಡಲ್ ಕೆಳಗೆ ಜಾರಬಹುದು, ಮೇಲಕ್ಕೆ ಹೋಗಲಾರದು. ಹಿಡಿಕೆಯ ಬುಡದ ಕ್ಯಾಮ್ (ಹಿಡಿಕೆಯೊಡನೆ ತಿರುಗುವ ಉಬ್ಬು) ಈ ಬೆಣೆಯನ್ನು ಎತ್ತಿ ಹಿಡಿದಿರುತ್ತದೆ. ಡೆಡ್ ಸೆಂಟರ್ ದಾಟಿದ ಮೇಲೆ ಬಿಡುತ್ತದೆ.

ಅರ್ಜಿಯಲ್ಲಿ ಒಂಬತ್ತು ಕ್ಲೇಮ್‌ಗಳು, ಅಂದರೆ ಅರ್ಜಿದಾರರು ಯಾವುದಕ್ಕೆ ಹಕ್ಕು ಕೇಳುತ್ತಾರೆಂದು ಹೇಳುವ ವಾಕ್ಯಗಳು, ಇದ್ದವು. ಕ್ಲೇಮ್ 1 ಹೇಳಿದ್ದು: ಟಾಗಲ್ ಕ್ಲ್ಯಾಂಪ್, ಜಾರುವ ಸ್ಪಿಂಡಲ್, ತೋಳಿಗೂ ಸ್ಪಿಂಡಲಿಗೂ ನಡುವೆ ಡಿಸ್ಕ್ ಸ್ಪ್ರಿಂಗ್ ಜೋಡಣೆ. ಕ್ಲೇಮ್ 4ರಲ್ಲಿ ಡಿಸ್ಕಿನ ಬಟ್ಟಲೆತ್ತರ ಮತ್ತು ದಪ್ಪದ ಅನುಪಾತ 1.2ರಿಂದ 1.4 ಎಂದಿತ್ತು. ಬೆಣೆ ಮತ್ತು ಕ್ಯಾಮ್ ಇದ್ದದ್ದು ಕ್ಲೇಮ್ 7ರಲ್ಲಿ. ವಿವರಣೆಯಲ್ಲಿ ಅವುಗಳಿಗೆ ಸಿಕ್ಕಿದ್ದು ಒಂದೂವರೆ ಪ್ಯಾರಾ ಮತ್ತು ಒಂದು ಚಿತ್ರ, ಅದೂ ‘ಬೇಕಿದ್ದರೆ ಅಳವಡಿಸಬಹುದು’ ಎಂಬ ಮಾತಿನೊಂದಿಗೆ.

ಆಕ್ಷೇಪಣೆ

ಮೊದಲ ಪರೀಕ್ಷಾ ವರದಿಯಲ್ಲಿ ಪರೀಕ್ಷಕರು ಮೂರು ದಾಖಲೆ ಎದುರಿಟ್ಟರು. ಡಿ1 ಸಾಮಾನ್ಯ ಟಾಗಲ್ ಕ್ಲ್ಯಾಂಪ್. ಡಿ2 ಪ್ರೆಸ್ ಟೂಲಿನಲ್ಲಿ ತಗಡನ್ನು ಒತ್ತಿ ಹಿಡಿಯುವ ಸಾಧನ. ದಪ್ಪ ಏರುಪೇರಾದರೂ ಒತ್ತಡ ಉಳಿಯಲೆಂದೇ ಡಿಸ್ಕ್ ಸ್ಪ್ರಿಂಗ್ ಇಟ್ಟಿದೆ ಎಂದು ಅದು ಬಾಯಿಬಿಟ್ಟು ಹೇಳುತ್ತದೆ. ಡಿ3 ಜಾಬ್‌ಗೆ ಕೆಳಗಿನಿಂದ ಆಸರೆ ಕೊಡುವ ಜ್ಯಾಕ್: ಸ್ಪ್ರಿಂಗ್ ಒಂದು ದಿಂಡನ್ನು ಮೇಲಕ್ಕೆ ತಳ್ಳಿ ಜಾಬ್‌ಗೆ ತಾಗಿಸುತ್ತದೆ, ಆಮೇಲೆ ಕೆಲಸಗಾರ ಸ್ಕ್ರೂ ತಿರುಗಿಸಿ ಕಾಲೆಟ್‌ನಿಂದ (ದಿಂಡನ್ನು ಸುತ್ತಲಿಂದ ಅಮುಕಿ ಹಿಡಿಯುವ ಸೀಳು ಬಳೆ) ಅದನ್ನು ಬಿಗಿಯುತ್ತಾನೆ.

ಡಿ1 ಮತ್ತು ಡಿ2 ಸೇರಿದರೆ ಕ್ಲೇಮ್ 1ರಿಂದ 6, ಡಿ3 ಕೂಡ ಸೇರಿದರೆ ಉಳಿದದ್ದು, ಹೀಗೆ ಎಲ್ಲವೂ ಆ ಕಸುಬು ಬಲ್ಲವನಿಗೆ ಸಹಜವಾಗಿ ಹೊಳೆಯುವಂಥದ್ದು ಎಂಬುದು ಪೇಟೆಂಟ್ ಕಾಯ್ದೆಯಲ್ಲಿ ಆವಿಷ್ಕಾರದ ಹೆಜ್ಜೆ ಎಂದರೇನೆಂದು ಹೇಳುವ 2(1)(ಜೆಎ) ಕಲಮಿನಡಿ ಬಂದ ಆಕ್ಷೇಪಣೆ. ಜೊತೆಗೆ 3(ಎಫ್) ಕೂಡ ಬಂತು: ತಮ್ಮಷ್ಟಕ್ಕೆ ತಾವು, ಗೊತ್ತಿರುವ ರೀತಿಯಲ್ಲೇ ಕೆಲಸ ಮಾಡುವ ಗೊತ್ತಿರುವ ಸಾಧನಗಳ ಬರಿಯ ಜೋಡಣೆ ಆವಿಷ್ಕಾರವಲ್ಲ.

ಈ ಎರಡು ಆಕ್ಷೇಪಣೆಗಳನ್ನು ಒಂದೇ ಎಂದುಕೊಂಡು ಒಂದೇ ಉತ್ತರ ಕೊಡುವವರು ಬಹಳ. ಅವು ಬೇರೆ. 3(ಎಫ್) ಕೇಳುವುದು ಭಾಗಗಳು ಒಂದರ ಕೆಲಸದಲ್ಲಿ ಇನ್ನೊಂದು ಕೈಹಾಕುತ್ತವೆಯೇ ಎಂದು. ಇದರ ಬೇರು ಹಳೆಯದು. 1890ರ ವಿಲಿಯಮ್ಸ್ ಮತ್ತು ನೈ ನಡುವಿನ ಇಂಗ್ಲಿಷ್ ಮೊಕದ್ದಮೆಯಲ್ಲಿ ಮಾಂಸ ಕೊಚ್ಚುವ ಯಂತ್ರವನ್ನೂ ಕೊಚ್ಚಿದ ಮಾಂಸವನ್ನು ಸಾಸೇಜಿಗೆ ತುಂಬುವ ಯಂತ್ರವನ್ನೂ ಒಂದಾಗಿಸಿದ್ದಕ್ಕೆ ಪೇಟೆಂಟ್ ನಿಲ್ಲಲಿಲ್ಲ, ಏಕೆಂದರೆ ಎರಡೂ ತಮ್ಮ ತಮ್ಮ ಹಳೆಯ ಕೆಲಸವನ್ನೇ ಮಾಡುತ್ತಿದ್ದವು. 2(1)(ಜೆಎ) ಅಡಿಯ ಪ್ರಶ್ನೆ ಮುಂದಿನದು: ಭಾಗಗಳು ಒಂದಕ್ಕೊಂದು ಹೆಣೆದುಕೊಂಡಿದ್ದರೂ ಆ ಹೆಣಿಗೆ ಕಸುಬುದಾರನಿಗೆ ತಾನಾಗಿ ಹೊಳೆಯುತ್ತಿತ್ತೇ? ನಮ್ಮ ಸುಪ್ರೀಂ ಕೋರ್ಟ್ ಬಿಶ್ವನಾಥ್ ಪ್ರಸಾದ್ ರಾಧೇಶ್ಯಾಮ್ ಪ್ರಕರಣದಲ್ಲಿ, 1978ರಲ್ಲಿ, ಎರಡನ್ನೂ ನೋಡಿತು. ಅದು ಪಾತ್ರೆಗಳನ್ನು ಲೇತಿನಲ್ಲಿ ತಿರುಗಿಸುವಾಗ ಹಿಡಿಯುವ ಸಾಧನದ ಪೇಟೆಂಟ್. ಹಳೆಯ ಅಂಶಗಳು ಪರಸ್ಪರ ಸಂಬಂಧದಿಂದ ಹೊಸ ಅಥವಾ ಉತ್ತಮ ಫಲ ಕೊಟ್ಟರೆ ಪೇಟೆಂಟ್ ಸಾಧ್ಯ, ಬರಿಯ ಒಟ್ಟುಗೂಡಿಕೆಗೆ ಇಲ್ಲ ಎಂದ ನ್ಯಾಯಾಲಯ ಆ ಪೇಟೆಂಟನ್ನು ಎತ್ತಿಹಿಡಿಯಲಿಲ್ಲ. ಕೆಲಸ ಹಿಡಿಯುವ ಸಾಧನದ ಬಗ್ಗೆ ಅರ್ಜಿ ಹಾಕುವವರು ಮೊದಲು ಓದಬೇಕಾದ ತೀರ್ಪು ಅದೇ.

ಮೊದಲ ಉತ್ತರ ಸೋತದ್ದು

ವರದಿ ಹೊರಟ ದಿನದಿಂದ ಆರು ತಿಂಗಳೊಳಗೆ ಉತ್ತರ ಹೋಗಬೇಕು. ಸಂಸ್ಥೆಯ ಮೊದಲ ಉತ್ತರದಲ್ಲಿ ಮೂರು ವಾದಗಳಿದ್ದವು. ಮೂರೂ ಮೆಕಾನಿಕಲ್ ಅರ್ಜಿಗಳಲ್ಲಿ ಪದೇ ಪದೇ ಕಾಣುವಂಥವು.

‘ಡಿ1ರಲ್ಲಿ ಸ್ಪ್ರಿಂಗ್ ಇಲ್ಲ, ಡಿ2ರಲ್ಲಿ ಟಾಗಲ್ ಇಲ್ಲ.’ ಇದು ಹೊಸತನದ ಪ್ರಶ್ನೆಗೆ ಉತ್ತರ. ಪರೀಕ್ಷಕರು ಕೇಳಿದ್ದು ಎರಡನ್ನೂ ಮೇಜಿನ ಮೇಲಿಟ್ಟುಕೊಂಡವನು ಏನು ಮಾಡುತ್ತಾನೆ ಎಂದು. ದಾಖಲೆಗಳನ್ನು ಒಂದೊಂದಾಗಿ ಹೊಡೆದರೆ ಜೋಡಣೆಯ ವಾದ ಮುಟ್ಟಿದ ಹಾಗೇ ಆಗುವುದಿಲ್ಲ.

‘ಡಿ2 ಪ್ರೆಸ್ ಟೂಲಿನದು, ನಮ್ಮದು ಮಿಲ್ಲಿಂಗ್ ಫಿಕ್ಸ್ಚರ್.’ ಇವೆರಡನ್ನೂ ಒಂದೇ ಟೂಲ್‌ರೂಮಿನಲ್ಲಿ ಒಬ್ಬನೇ ಡಿಸೈನರ್ ಮಾಡುತ್ತಾನೆ. ಮೇಲಾಗಿ ಡಿ2 ಬಿಡಿಸಿದ್ದು ಸಂಸ್ಥೆ ಹೇಳಿಕೊಂಡ ತೊಂದರೆಯನ್ನೇ. ತೊಂದರೆ ಒಂದೇ ಆದಾಗ ಕ್ಷೇತ್ರ ಬೇರೆ ಎಂಬ ವಾದ ನಿಲ್ಲುವುದು ಕಷ್ಟ. ಅಮೆರಿಕದ ಸುಪ್ರೀಂ ಕೋರ್ಟ್ 2007ರ ಕೆಎಸ್ಆರ್ ತೀರ್ಪಿನಲ್ಲಿ ಇದನ್ನೇ ಗಟ್ಟಿಮಾಡಿತು. ಹೊಂದಿಸಬಹುದಾದ ಆಕ್ಸಿಲರೇಟರ್ ಪೆಡಲ್ ಹಳೆಯದು, ಇಲೆಕ್ಟ್ರಾನಿಕ್ ಸೆನ್ಸರ್ ಹಳೆಯದು. ಸೆನ್ಸರನ್ನು ಪೆಡಲಿನ ಕದಲದ ತಿರುಗಣಿಯ ಬಳಿ ಇಡುವುದು ಕಸುಬುದಾರನ ಮಾಮೂಲು ಕೆಲಸ ಎಂದಿತು. ಭಾರತದ ಕಂಟ್ರೋಲರ್‌ಗೆ (ಅರ್ಜಿಯ ಮೇಲೆ ತೀರ್ಮಾನ ಕೊಡುವ ಪೇಟೆಂಟ್ ಅಧಿಕಾರಿ) ಅದು ಕಟ್ಟುಪಾಡಲ್ಲ, ಆದರೆ ತರ್ಕ ಎಲ್ಲರ ಬಾಯಲ್ಲೂ ಇದೆ.

‘ಡಿ1ರ ಸಣ್ಣ ಸ್ಪಿಂಡಲಿನಲ್ಲಿ ಡಿ2ರ ದೊಡ್ಡ ಡಿಸ್ಕ್ ಕೂರುವುದಿಲ್ಲ.’ ಇದನ್ನು ಬರೆಯುವಾಗ ಗೆದ್ದೆವೆಂಬ ಭಾವನೆ ಬರುತ್ತದೆ. ಆದರೆ ಒಂದು ದಾಖಲೆಯ ಭಾಗವನ್ನು ಕಿತ್ತು ಇನ್ನೊಂದಕ್ಕೆ ಹಾಗೆಯೇ ತುರುಕಬೇಕೆಂದು ಯಾರೂ ಹೇಳುವುದಿಲ್ಲ. ಕಸುಬು ಬಲ್ಲವನಿಗೆ ಅಳತೆ ಬದಲಿಸಲು ಬರುತ್ತದೆ. ಜೋಡಣೆಯನ್ನು ತಡೆಯುವ ಕಾರಣ ಗಾತ್ರವಲ್ಲ, ಕೆಲಸದ ತತ್ವದಲ್ಲಿರಬೇಕು.

ವಾದದ ಜೊತೆಗೆ ತಿದ್ದುಪಡಿಯೂ ಹೋಯಿತು: ಕ್ಲೇಮ್ 4ರ ಅನುಪಾತವನ್ನು ಕ್ಲೇಮ್ 1ಕ್ಕೆ ಸೇರಿಸಲಾಯಿತು. ಸಂಖ್ಯೆ ಸೇರಿದರೆ ಕ್ಲೇಮ್ ಗಟ್ಟಿಯಾಗುತ್ತದೆ ಎಂಬ ನಂಬಿಕೆ. ತಾಂತ್ರಿಕವಾಗಿ ಅನುಪಾತಕ್ಕೆ ಅರ್ಥವಿತ್ತು. ಅನುಪಾತ 0.4 ಇದ್ದಾಗ ಡಿಸ್ಕ್ ಬಹುತೇಕ ಸರಳ ರೇಖೆಯಲ್ಲಿ ವರ್ತಿಸುತ್ತದೆ. ಬಟ್ಟಲನ್ನು ಅರ್ಧದಿಂದ ಮುಕ್ಕಾಲಿನವರೆಗೆ ಅದುಮಿದರೆ ಬಲ ಸುಮಾರು ಶೇ. 45 ಏರುತ್ತದೆ. ಅನುಪಾತ 1.3 ಆದರೆ ಅದೇ ಹಾದಿಯಲ್ಲಿ ಏರಿಕೆ ಸುಮಾರು ಶೇ. 16 ಮಾತ್ರ. 1.41ರಲ್ಲಿ ಚಪ್ಪಟೆಯಾಗುವ ಹೊತ್ತಿಗೆ ರೇಖೆ ಪೂರ್ತಿ ಮಟ್ಟಸವಾಗುತ್ತದೆ. ಆದರೆ ಇದೆಲ್ಲ ಪಠ್ಯಪುಸ್ತಕದಲ್ಲಿದೆ. ಜರ್ಮನಿಯ ಡಿಐಎನ್ 2093 ಮಾನಕದಲ್ಲಿ (2017ರಿಂದ ಡಿಐಎನ್ ಇಎನ್ 16983) ಎ, ಬಿ, ಸಿ ಎಂಬ ಮೂರು ಸರಣಿಗಳಿವೆ, ಅನುಪಾತ ಸುಮಾರು 0.4, 0.75, 1.3. ಸಮಬಲ ಬೇಕಾದವನು ಸಿ ಸರಣಿಗೆ ಕೈಹಾಕುತ್ತಾನೆ. ವಿಚಾರಣೆಯ ನೋಟಿಸಿನಲ್ಲಿ ಕಂಟ್ರೋಲರ್ ಬರೆದದ್ದೂ ಅದನ್ನೇ: ಮಾನಕದ ಪಟ್ಟಿಯಿಂದ ಆಯ್ದದ್ದು ಆವಿಷ್ಕಾರದ ಹೆಜ್ಜೆಯಲ್ಲ.

ಕ್ಲೇಮ್ 1, ಮೊದಲು ಬರೆದ ರೂಪದಲ್ಲೂ ಈ ತಿದ್ದಿದ ರೂಪದಲ್ಲೂ, ಸಹಜವಾಗಿ ಹೊಳೆಯುವಂಥದ್ದೇ ಆಗಿತ್ತು. ಪರೀಕ್ಷಕರು ಸರಿಯಿದ್ದರು. ಇದನ್ನು ಒಪ್ಪಿಕೊಳ್ಳಲು ಸಂಸ್ಥೆಗೆ ನಾಲ್ಕು ತಿಂಗಳು ಬೇಕಾಯಿತು. ಒಪ್ಪಿಕೊಂಡ ಮೇಲೆಯೇ ನಿಜವಾದ ಕೆಲಸ ಶುರುವಾದದ್ದು.

ತಿರುವು: ಆರು ಡಿಗ್ರಿಯ ಪ್ರಶ್ನೆ

ವಿಚಾರಣೆಯ ಸಿದ್ಧತೆಯಲ್ಲಿ ಪೇಟೆಂಟ್ ಏಜೆಂಟ್ ಚಿತ್ರಗಳನ್ನು ಮತ್ತೆ ಅಳೆದರು. ಡಿ1ರಲ್ಲಿ ಲಿಂಕ್ ಡೆಡ್ ಸೆಂಟರ್ ದಾಟುವುದು ಸುಮಾರು 1.5 ಡಿಗ್ರಿ. ಹೆಚ್ಚು ದಾಟಿದರೆ ಒತ್ತಡ ಇಳಿಯುತ್ತದೆ, ಆದಷ್ಟು ಕಡಿಮೆ ಇಡಿ ಎಂದು ಡಿ1 ಎಚ್ಚರಿಸುತ್ತದೆ ಕೂಡ. ಸಂಸ್ಥೆಯ ಚಿತ್ರದಲ್ಲಿ ಅದು 6 ಡಿಗ್ರಿ. ‘ಇಷ್ಟೇಕೆ ದಾಟಿಸಿದ್ದೀರಿ?’ ಎಂದು ಅವರು ಕೇಳಿದಾಗ ಡಿಸೈನರ್ ಕೊಟ್ಟ ಉತ್ತರ ವಿವರಣೆಯಲ್ಲಿ ಎಲ್ಲೂ ಒತ್ತಿ ಹೇಳದ ಸಂಗತಿಯಾಗಿತ್ತು: ಕ್ಯಾಮ್ ಬೆಣೆಯನ್ನು ಬಿಡಲು ಆ ಹಾದಿ ಬೇಕು.

ಲೆಕ್ಕ ಹಾಕಿ ನೋಡಿದರೆ ಸಂಗತಿ ಸ್ಪಷ್ಟವಾಗುತ್ತದೆ. ಎರಡು ಲಿಂಕ್‌ಗಳ ಒಟ್ಟು ಉದ್ದ 40 ಮಿ.ಮೀ., ತೋಳಿನ ಅನುಪಾತ 2. ಲಿಂಕ್‌ಗಳು 1.5 ಡಿಗ್ರಿ ದಾಟಿದರೆ ಸ್ಪಿಂಡಲ್ ತುದಿ ಹಿಂದೆ ಸರಿಯುವುದು ಸುಮಾರು 0.03 ಮಿ.ಮೀ. 6 ಡಿಗ್ರಿಗೆ 0.44 ಮಿ.ಮೀ. ಗಟ್ಟಿ ಸ್ಪಿಂಡಲಿನ ಕ್ಲ್ಯಾಂಪ್‌ನಲ್ಲಿ ತೋಳು ಬಾಗುವುದೇ ಅದಕ್ಕಿಂತ ಕಡಿಮೆ. ಆದ್ದರಿಂದ ಡಿ1ರಲ್ಲಿ 6 ಡಿಗ್ರಿ ದಾಟಿಸಿದರೆ ಜಾಬ್ ಪೂರ್ತಿ ಸಡಿಲ. ಸಿ ಸರಣಿಯ ಆರು ಡಿಸ್ಕ್‌ಗಳಿದ್ದಾಗ 0.44 ಮಿ.ಮೀ. ಸರಿದರೆ ಬಲ ಇಳಿಯುವುದು ಹೆಚ್ಚೆಂದರೆ ಶೇ. 5. ಜೋಡಣೆಯ ಒಟ್ಟು ಬಟ್ಟಲೆತ್ತರ 7.8 ಮಿ.ಮೀ.; ಅರ್ಧದಿಂದ ಮುಕ್ಕಾಲಿನ ನಡುವೆ 1.95 ಮಿ.ಮೀ. ಸಿಗುತ್ತದೆ. ಎರಕದ 1 ಮಿ.ಮೀ. ವ್ಯತ್ಯಾಸ, ಹಿಂಜರಿತದ 0.44, ಎರಡೂ ಅದರೊಳಗೆ ಹಿಡಿಸುತ್ತವೆ.

ಅಂದರೆ ಸ್ಪ್ರಿಂಗ್ ಇಲ್ಲಿ ಎರಡು ಕೆಲಸ ಮಾಡುತ್ತಿತ್ತು. ದಪ್ಪದ ವ್ಯತ್ಯಾಸ ನುಂಗುವುದು ಡಿ2 ಹೇಳಿಕೊಟ್ಟದ್ದು. ಉದ್ದನೆಯ ದಾಟನ್ನು ಸಾಧ್ಯಮಾಡುವುದು ಯಾವ ದಾಖಲೆಯಲ್ಲೂ ಇಲ್ಲ. ಆ ದಾಟು ಇದ್ದರೆ ಮಾತ್ರ, ಪಿನ್ನುಗಳ ಸಡಿಲ ಮತ್ತು ಸವೆತದ ನಡುವೆಯೂ, ಕ್ಯಾಮ್ ಬೆಣೆಯನ್ನು ನಿಶ್ಚಿತವಾಗಿ ಡೆಡ್ ಸೆಂಟರಿನ ಆಚೆಗೇ ಬಿಡಬಲ್ಲದು. ಮುಂಚೆ ಬಿಟ್ಟರೆ ಸ್ಪಿಂಡಲ್ ಮೇಲೆ ಸರಿಯಲಾರದೆ ಲಿಂಕ್ ಸೆಂಟರಿಗೆ ಮುನ್ನವೇ ಕಚ್ಚಿಕೊಳ್ಳುತ್ತದೆ. ಇನ್ನು ಬೆಣೆಯ ಕೆಲಸ: ಸ್ಪ್ರಿಂಗ್ ಬಂದದ್ದರಿಂದ ಟಾಗಲ್ ಕಳೆದುಕೊಂಡ ತಡೆಬಲವನ್ನು ವಾಪಸು ಕೊಡುವುದು. ಮೂರರಲ್ಲಿ ಒಂದನ್ನು ತೆಗೆದರೆ ಉಳಿದೆರಡು ಕೆಡುತ್ತವೆ.

ಬೆಂಚಿನ ಮೇಲೆ ಪರೀಕ್ಷೆ

ಮಾತಿನಲ್ಲಿ ಹೇಳುವುದು ಸಾಲದೆಂದು ಸಂಸ್ಥೆ ನಾಲ್ಕು ಮಾದರಿ ಮಾಡಿತು. ಎಲ್ಲವನ್ನೂ 1 ಕಿಲೋನ್ಯೂಟನ್ ಒತ್ತಡಕ್ಕೆ ಹೊಂದಿಸಿ, ಜಾಬ್‌ನ ಜಾಗದಲ್ಲಿ ಲೋಡ್ ಸೆಲ್ ಇಟ್ಟು, ಕೆಳಗಿನಿಂದ ಜ್ಯಾಕ್‌ನಲ್ಲಿ ತಳ್ಳಿ, ಡಯಲ್ ಗೇಜ್‌ನಲ್ಲಿ ಏರಿಕೆ ನೋಡಲಾಯಿತು.

ಡಿ1 ಒಂದೇ: 3.5 ಕಿಲೋನ್ಯೂಟನ್ ತಳ್ಳಿದರೂ ಏರಿಕೆ 0.1 ಮಿ.ಮೀ. ಒಳಗೆ. ಆದರೆ 0.5 ಮಿ.ಮೀ. ತೆಳುವಾದ ಜಾಬ್ ಹಾಕಿದರೆ ಒತ್ತಡವೇ ಇಲ್ಲ.

ಡಿ1 ಮತ್ತು ಡಿ2: ದಪ್ಪದ ವ್ಯತ್ಯಾಸ ತಡೆದುಕೊಂಡಿತು. ಆದರೆ ತಳ್ಳುವ ಬಲ 1 ಕಿಲೋನ್ಯೂಟನ್ ದಾಟುತ್ತಲೇ ಜಾಬ್ ಮೇಲೆದ್ದಿತು. ಟಾಗಲ್‌ನ ಮುಖ್ಯ ಗುಣವೇ ಹೋಯಿತು. ಮಿಲ್ಲಿಂಗ್‌ನಲ್ಲಿ ಕಟರ್ ಜಾಬನ್ನು ಎತ್ತುವ ಸಂದರ್ಭ ಸಾಮಾನ್ಯ, ಹಾಗಾಗಿ ಇದು ಸಣ್ಣ ಕೊರತೆಯಲ್ಲ.

ಡಿ1, ಡಿ2, ಡಿ3 ಮೂರೂ: ಡಿ3ರ ಕಾಲೆಟ್ ಎರಡೂ ದಿಕ್ಕಿಗೆ ಬಿಗಿಯುತ್ತದೆ. ಅದನ್ನು ಹಿಡಿಕೆಗೇ ಜೋಡಿಸಿ, ಸೆಂಟರ್ ದಾಟಿದ 2 ಡಿಗ್ರಿಗೆ ಬಿಗಿಯುವಂತೆ ಮಾಡಿದಾಗ, ಉಳಿದ 4 ಡಿಗ್ರಿಯಲ್ಲಿ ತೋಳು ಸ್ಪಿಂಡಲನ್ನೂ ಹಿಂದಕ್ಕೆ ಎಳೆದುಕೊಂಡಿತು. ಜಾಬ್ ಕೈಯಲ್ಲೇ ಅಲುಗಾಡಿತು. ಹಿಡಿಕೆ ಪೂರ್ತಿ ಕೂತ ಮೇಲೆ ಬೇರೆ ಸ್ಕ್ರೂನಿಂದ ಬಿಗಿದರೆ ಸರಿಹೋಗುತ್ತಿತ್ತು, ಆದರೆ ಪ್ರತಿ ಜಾಬ್‌ಗೂ ಎರಡನೆಯ ಕೈಕೆಲಸ ಬೇಕು, ಮರೆತರೆ ಜಾಬ್ ಹಾರುತ್ತದೆ.

ಸಂಸ್ಥೆಯ ಮಾದರಿ: 1 ಮಿ.ಮೀ. ವ್ಯತ್ಯಾಸದ ಉದ್ದಕ್ಕೂ ಒತ್ತಡ ಹೊಂದಿಸಿದ್ದರಿಂದ ಶೇ. 15ರ ಒಳಗೇ ಉಳಿಯಿತು, 3.5 ಕಿಲೋನ್ಯೂಟನ್‌ನಲ್ಲಿ ಏರಿಕೆ 0.15 ಮಿ.ಮೀ. ಒಳಗಿತ್ತು. ಬೆಣೆ ಏಕಮುಖಿಯಾದ್ದರಿಂದ ತೋಳು ಹಿಂಜರಿದಾಗ ಸ್ಪಿಂಡಲ್ ಸ್ಪ್ರಿಂಗಿನ ಒತ್ತಡದಲ್ಲಿ ಕೆಳಗೆ ಇಳಿದು ಜಾಬನ್ನು ಬಿಡಲಿಲ್ಲ.

ಮೂರನೆಯ ಮಾದರಿ ಮಾಡುವಾಗ ಒಂದು ಎಚ್ಚರ ವಹಿಸಿದ್ದರು. ಎದುರು ಪಕ್ಷದ ಜೋಡಣೆಯನ್ನು ಬೇಕೆಂದೇ ಕೆಟ್ಟದಾಗಿ ಮಾಡಿ ಸೋಲಿಸಿದರೆ ಆ ಪುರಾವೆಗೆ ಬೆಲೆಯಿಲ್ಲ. ಆದ್ದರಿಂದ ಡಿಸ್ಕ್ ಸಿ ಸರಣಿಯದನ್ನೇ ಹಾಕಿದರು, ಕಾಲೆಟ್‌ಗೆ ನುಣ್ಣಗೆ ಗ್ರೈಂಡ್ ಮಾಡಿದ ಟೇಪರ್ ಕೊಟ್ಟರು. ಒಳ್ಳೆಯ ಕಸುಬುದಾರ ಮಾಡಬಹುದಾದ ಅತ್ಯುತ್ತಮ ಜೋಡಣೆಯೇ ಸೋತದ್ದು ದಾಖಲಾಯಿತು. ಫಲಿತಾಂಶಗಳನ್ನು ಡಿಸೈನರ್ 79ನೇ ಕಲಮಿನಡಿ ಅಫಿಡವಿಟ್ ಆಗಿ ಕೊಟ್ಟರು.

ವಿಚಾರಣೆ ಮತ್ತು ತಿದ್ದುಪಡಿ

ಕ್ಲೇಮ್ 7ನ್ನು ಕ್ಲೇಮ್ 1ರೊಳಗೆ ತರಲಾಯಿತು. 59ನೇ ಕಲಮಿನ ಪ್ರಕಾರ ತಿದ್ದಿದ ಕ್ಲೇಮ್ ಮೊದಲಿನದರ ವ್ಯಾಪ್ತಿಯೊಳಗೇ ಇರಬೇಕು, ವಿವರಣೆಯಲ್ಲಿ ಇಲ್ಲದ್ದನ್ನು ಸೇರಿಸುವಂತಿಲ್ಲ. ಇಲ್ಲೇ ಹಳೆಯ ಅಲಕ್ಷ್ಯ ಕುಟುಕಿದ್ದು. ಬೆಣೆ ಬೀಳುವುದು 2 ಡಿಗ್ರಿಗೆ ಎಂಬ ಅಂಕಿ ವಿವರಣೆಯ ಪಠ್ಯದಲ್ಲಿ ಇರಲಿಲ್ಲ. ಚಿತ್ರವನ್ನು ಅಳೆದು ಸಂಖ್ಯೆ ಹಾಕುವುದು ಅಪಾಯ, ಏಕೆಂದರೆ ಪೇಟೆಂಟ್ ಚಿತ್ರ ಅಳತೆಗೆ ಬರೆದದ್ದಲ್ಲ ಎಂಬ ಪ್ರಶ್ನೆ ಏಳುತ್ತದೆ. ಕೊನೆಗೆ ಪಠ್ಯದಲ್ಲಿದ್ದ ಮಾತನ್ನೇ ಬಳಸಿದರು: ‘ಲಿಂಕ್‌ಗಳು ಡೆಡ್ ಸೆಂಟರ್ ದಾಟಿದ ನಂತರ, ಸ್ಟಾಪ್ ತಾಗುವ ಮುನ್ನ, ಕ್ಯಾಮ್ ಬೆಣೆಯನ್ನು ಬಿಡುವಂತೆ, ಬೆಣೆಯು ಸ್ಪಿಂಡಲನ್ನು ತೋಳಿನೊಳಕ್ಕೆ ಸರಿಯದಂತೆ ತಡೆದು ಹೊರಕ್ಕೆ ಸರಿಯಲು ಬಿಡುವಂತೆ.’ ಅನುಪಾತ 1.2ರಿಂದ 1.4 ಅದರೊಳಗೇ ಉಳಿಯಿತು, ಈ ಬಾರಿ ಅದಕ್ಕೊಂದು ಕೆಲಸವಿತ್ತು.

ವಿಚಾರಣೆಯಲ್ಲಿ ಕಂಟ್ರೋಲರ್ ಕೇಳಿದ ಗಟ್ಟಿ ಪ್ರಶ್ನೆ ಒಂದೇ: ‘ತಡೆಬಲ ಹೋಯಿತು ಎಂದು ಗೊತ್ತಾದ ಮೇಲೆ ಡಿ3ರ ಕಡೆ ನೋಡುವುದು ಸಹಜವಲ್ಲವೇ?’ ಏಜೆಂಟ್ ಅದನ್ನು ಅಲ್ಲಗಳೆಯಲಿಲ್ಲ. ಡಿ3ರ ಕಡೆ ನೋಡಬಹುದು, ಆದರೆ ಅಲ್ಲಿ ಸಿಗುವುದು ಎರಡೂ ದಿಕ್ಕಿಗೆ ಬಿಗಿಯುವ, ಬೇರೆ ಕೈಯಿಂದ ನಡೆಸುವ ಕಾಲೆಟ್. ಅದನ್ನು ಏಕಮುಖಿ ಮಾಡಬೇಕು, ಹಿಡಿಕೆಗೆ ಕಟ್ಟಬೇಕು, ಅದಕ್ಕಾಗಿ ಡಿ1 ಬೇಡವೆಂದು ಎಚ್ಚರಿಸಿದ ಉದ್ದದ ದಾಟನ್ನೇ ಆರಿಸಬೇಕು. ಈ ಮೂರು ಹೆಜ್ಜೆಗಳಿಗೆ ಪ್ರೇರಣೆ ಯಾವ ದಾಖಲೆಯಲ್ಲಿದೆ ಎಂದು ಅವರು ತಿರುಗಿ ಕೇಳಿದರು. ಮಾಡಬಹುದಿತ್ತೇ ಎಂಬುದಕ್ಕೂ ಮಾಡುತ್ತಿದ್ದನೇ ಎಂಬುದಕ್ಕೂ ಇರುವ ಅಂತರ ಯುರೋಪಿಯನ್ ಪೇಟೆಂಟ್ ಕಚೇರಿಯ ಮೇಲ್ಮನವಿ ಮಂಡಳಿಗಳು ಬೆಳೆಸಿದ ಅಳತೆಗೋಲು, ಆದರೆ ವಾದ ಎಲ್ಲೆಡೆ ಓಡುತ್ತದೆ. ಹಳೆಯ ದಾಖಲೆಯೇ ಬೇಡವೆಂದ ದಾರಿಯಲ್ಲಿ ಹೋಗಿ ಫಲ ಪಡೆದದ್ದು ಆವಿಷ್ಕಾರದ ಗುರುತು ಎಂಬುದಕ್ಕೆ ಅಮೆರಿಕದ ಸುಪ್ರೀಂ ಕೋರ್ಟಿನ 1966ರ ಆಡಮ್ಸ್ ಬ್ಯಾಟರಿ ಪ್ರಕರಣವನ್ನೂ ಹೆಸರಿಸಿದರು.

ಮೂರು ದಾಖಲೆ ಬೇಕಾಯಿತು ಎಂಬುದನ್ನೇ ವಾದ ಮಾಡಲಿಲ್ಲ, ಅದು ಒಳ್ಳೆಯ ತೀರ್ಮಾನ. ದಾಖಲೆಗಳ ಎಣಿಕೆ ಏನನ್ನೂ ಸಾಬೀತು ಮಾಡುವುದಿಲ್ಲ. ಐದು ದಾಖಲೆಗಳ ಐದು ಮಾಮೂಲು ಬೋಲ್ಟುಗಳನ್ನು ಸೇರಿಸಿದರೂ ಮಾಮೂಲೇ.

ವಿಚಾರಣೆ ಮುಗಿದ ಮೇಲೆ 15 ದಿನದೊಳಗೆ ಲಿಖಿತ ವಾದ ಕೊಡಬೇಕು. ಅದರ ಮೊದಲ ಪುಟದಲ್ಲಿ ವಾದವೇ ಇರಲಿಲ್ಲ, ನಾಲ್ಕು ಮಾದರಿಗಳ ಒಂದು ಕೋಷ್ಟಕವಿತ್ತು. ಬಲ ಮತ್ತು ದಾಟಿನ ಕೋನದ ರೇಖಾಚಿತ್ರ ಎರಡನೆಯ ಪುಟದಲ್ಲಿ. 3(ಎಫ್)ಗೆ ಉತ್ತರ ನಾಲ್ಕೇ ಸಾಲು: ಸ್ಪ್ರಿಂಗ್ ತೆಗೆದರೆ ದಾಟು ಕೆಡುತ್ತದೆ, ದಾಟು ಕುಗ್ಗಿಸಿದರೆ ಕ್ಯಾಮ್ ಕೆಡುತ್ತದೆ, ಬೆಣೆ ತೆಗೆದರೆ ತಡೆಬಲ ಹೋಗುತ್ತದೆ, ಆದ್ದರಿಂದ ಭಾಗಗಳು ತಮ್ಮಷ್ಟಕ್ಕೆ ತಾವು ಕೆಲಸ ಮಾಡುತ್ತಿಲ್ಲ.

ಫಲ

ಪೇಟೆಂಟ್ ಸಿಕ್ಕಿತು, ಕಿರಿದಾದ ರೂಪದಲ್ಲಿ. ಬೆಣೆಯಿಲ್ಲದ ಸ್ಪ್ರಿಂಗ್ ಟಾಗಲ್ ಕ್ಲ್ಯಾಂಪನ್ನು ಈಗ ಯಾರು ಬೇಕಾದರೂ ಮಾಡಬಹುದು, ಮಾಡುವ ಹಕ್ಕು ಅವರಿಗೆ ಮೊದಲಿನಿಂದಲೂ ಇತ್ತು. ಸಂಸ್ಥೆಯ ಮಾರಾಟ ವಿಭಾಗಕ್ಕೆ ಇದು ಬೇಸರ ತಂದಿತು. ಆದರೆ ಮಿಲ್ಲಿಂಗ್‌ಗೆ ಆಗಿಬರುವುದು ಬೆಣೆಯಿರುವ ಕ್ಲ್ಯಾಂಪ್ ಮಾತ್ರ, ಆದ್ದರಿಂದ ಬೆಲೆಬಾಳುವ ತುಣುಕು ಕೈಯಲ್ಲೇ ಉಳಿಯಿತು.

ಕೈತಪ್ಪಿದ್ದು ಬೇರೆ. ಬೆಣೆಯನ್ನು ಇನ್ನೊಂದು ಬಗೆಯಲ್ಲೂ ನಡೆಸಬಹುದು: ಲಿಂಕ್‌ಗಳು 1.5 ಡಿಗ್ರಿಗೇ ಸ್ಟಾಪ್ ತಾಗಿ ನಿಲ್ಲಲಿ, ಹಿಡಿಕೆ ಮಾತ್ರ ಲಿಂಕಿನ ಮೇಲೆ ಇನ್ನೂ 10 ಡಿಗ್ರಿ ಸಡಿಲವಾಗಿ ತಿರುಗಿ ಕ್ಯಾಮ್ ನಡೆಸಲಿ. ಆಗ ತೋಳು ಕದಲುವುದಿಲ್ಲ, ಎರಡೂ ದಿಕ್ಕಿಗೆ ಬಿಗಿಯುವ ಕಾಲೆಟ್ ಕೂಡ ಸಾಕಾಗುತ್ತದೆ. ಮೂರನೆಯ ಮಾದರಿ ಸೋತ ಸಂಜೆಯೇ ಡಿಸೈನರ್ ಇದನ್ನು ಕಾಗದದ ಮೇಲೆ ಗೀಚಿದ್ದರು. ಮೂಲ ವಿವರಣೆಯಲ್ಲಿ ಅದರ ಸುಳಿವೂ ಇಲ್ಲದ್ದರಿಂದ ತಿದ್ದುಪಡಿಯಲ್ಲಿ ತರುವಂತಿರಲಿಲ್ಲ. ಹೊಸ ಅರ್ಜಿ ಹಾಕಬೇಕಾಯಿತು, ಅಷ್ಟರಲ್ಲಿ 18 ತಿಂಗಳು ಕಳೆದು ಮೊದಲ ಅರ್ಜಿ ಪ್ರಕಟವಾಗಿತ್ತು. ಹೊಸ ಅರ್ಜಿಯ ಪರೀಕ್ಷಾ ವರದಿಯಲ್ಲಿ ಡಿ1 ಎಂದು ಬಂದದ್ದು ಸಂಸ್ಥೆಯದೇ ಆ ಅರ್ಜಿ, ಡಿ2 ಎಂದು ಬಂದದ್ದು ಹಳೆಯ ಜ್ಯಾಕ್.